ನೆತ್ತಿಗೆ ಹತ್ತುವ ತುತ್ತು

ಮಗು ಉಣ್ಣುವುದಿಲ್ಲ ಎಂಬ ದೂರು ಮನೆ ಮನೆಯಲ್ಲೂ ಇದೆ. ಎಷ್ಟೋ ಸಲ ಅದು ಹಠವಲ್ಲ, ದೃಷ್ಟಿಯೂ ಅಲ್ಲ. ಮಗುವಿಗೆ ನುಂಗಲು ಬಾರದಿರಬಹುದು. ಅದನ್ನು ಪತ್ತೆ ಹಚ್ಚುವ ಬಗೆ ಇದೆ, ಕಲಿಸುವ ದಾರಿಯೂ ಇದೆ.

ಊಟದ ನಡುವೆ ಮಗು ಕೆಮ್ಮಿತೆಂದರೆ ‘ನೆತ್ತಿಗೆ ಹತ್ತಿತು’ ಎನ್ನುವುದು ವಾಡಿಕೆ. ನೆತ್ತಿ ತಟ್ಟುತ್ತಾರೆ, ‘ಯಾರೋ ನೆನೆಸಿಕೊಂಡರು’ ಎಂದು ನಗುತ್ತಾರೆ, ಒಂದು ಗುಟುಕು ನೀರು ಕುಡಿಸುತ್ತಾರೆ. ಕೆಮ್ಮು ನಿಂತು ಊಟ ಮುಂದುವರಿಯುತ್ತದೆ. ಅಪರೂಪಕ್ಕೊಮ್ಮೆ ಹೀಗಾದರೆ ಚಿಂತೆಯಿಲ್ಲ. ಆದರೆ ಪ್ರತಿ ಊಟದಲ್ಲೂ ನೆತ್ತಿಗೆ ಹತ್ತುವ ಮಕ್ಕಳಿದ್ದಾರೆ. ಅವರ ಕೆಮ್ಮನ್ನು ನಕ್ಕು ಮರೆಯುವಂತಿಲ್ಲ.

ವಾಸ್ತವವಾಗಿ ತುತ್ತು ನೆತ್ತಿಗೆ ಹತ್ತುವುದೇ ಇಲ್ಲ. ಅದು ಇಳಿಯುವುದು ಕೆಳಕ್ಕೆ; ಅನ್ನನಾಳಕ್ಕೆ ಹೋಗಬೇಕಾದದ್ದು ದಾರಿ ತಪ್ಪಿ ಶ್ವಾಸನಾಳದ ಬಾಯಿಗೆ ಹೋಗಿರುತ್ತದೆ. ಅದನ್ನು ಹೊರದಬ್ಬಲು ದೇಹ ಮಾಡುವ ಪ್ರಯತ್ನವೇ ಕೆಮ್ಮು. ಮತ್ತೆ ಮತ್ತೆ ಹೀಗೆ ದಾರಿ ತಪ್ಪಿದರೆ ಆಹಾರದ ಕಣಗಳು ಶ್ವಾಸಕೋಶ ಸೇರುತ್ತವೆ. ನ್ಯುಮೋನಿಯಾ ಬರುತ್ತದೆ, ವಾಸಿಯಾಗುತ್ತದೆ, ಮತ್ತೆ ಬರುತ್ತದೆ. ಮಗುವಿನ ತೂಕ ಏರುವುದಿಲ್ಲ.

ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆ ದಾಟಿದರೆ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ ಕೆಂಪಾಪುರ ಸಿಗುತ್ತದೆ. ಒಂದು ಕಾಲದ ಹಳ್ಳಿ. ಈಗ ಅಲ್ಲಿ ಬಹುಮಹಡಿ ಕಟ್ಟಡಗಳೂ ಇವೆ, ಬಾಡಿಗೆ ಮನೆಗಳ ಸಾಲೂ ಇದೆ. ಇಂಥ ಬಡಾವಣೆಯಲ್ಲಿ ಉಣ್ಣದ ಮಗುವಿನ ಬಗ್ಗೆ ಆಡುವ ಮಾತು ಮನೆಯಿಂದ ಮನೆಗೆ ಬೇರೆ. ಒಂದು ಮನೆಯಲ್ಲಿ ಮೊಬೈಲ್ ತೋರಿಸದೆ ತುತ್ತು ಇಳಿಯುವುದಿಲ್ಲ ಎನ್ನುತ್ತಾರೆ. ಇನ್ನೊಂದರಲ್ಲಿ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ಮತ್ತೊಂದರಲ್ಲಿ ತಾಯಿಯ ಹಾಲೇ ಸರಿಯಿಲ್ಲ ಎಂದು ಅತ್ತೆ ಗೊಣಗುತ್ತಾರೆ. ಮಾತು ಬೇರೆಯಾದರೂ ತೀರ್ಮಾನ ಎರಡೇ: ಮಗು ಹಠಮಾರಿ, ಇಲ್ಲವೇ ತಾಯಿಗೆ ಉಣಿಸಲು ಬಾರದು. ಮಗುವಿಗೆ ನುಂಗಲು ಬರುತ್ತದೆಯೇ ಎಂದು ಕೇಳುವವರು ಕಡಿಮೆ.

ಒಂದು ಗುಟುಕಿನ ಹಿಂದೆ

ನುಂಗುವುದು ಹುಟ್ಟಿನಿಂದಲೇ ಬಂದ ಸುಲಭದ ಕೆಲಸವೆಂದು ತೋರುತ್ತದೆ. ಶರೀರದಲ್ಲಿ ಅಷ್ಟೊಂದು ಹೊಂದಾಣಿಕೆ ಬೇಡುವ ಕೆಲಸಗಳು ಕೆಲವೇ. ತುಟಿ, ಕೆನ್ನೆ, ನಾಲಗೆ, ಗಂಟಲುಗಳ ಎರಡು ಡಜನ್‌ಗಿಂತ ಹೆಚ್ಚು ಜೋಡಿ ಸ್ನಾಯುಗಳು ಸರದಿಯಂತೆ ದುಡಿಯಬೇಕು. ಮೆದುಳಿನಿಂದ ಹೊರಡುವ ಐದು ಜೋಡಿ ನರಗಳು ಅವಕ್ಕೆ ಆಜ್ಞೆ ಕೊಡಬೇಕು.

ಮೊದಲು ತುತ್ತು ಬಾಯಲ್ಲಿ ಲಾಲಾರಸದೊಡನೆ ಬೆರೆತು ಮೆತ್ತಗಾಗುತ್ತದೆ. ನಾಲಗೆ ಅದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಇಲ್ಲಿಯವರೆಗೆ ಅದು ಇಚ್ಛೆಗೆ ಒಳಪಟ್ಟ ಕೆಲಸ. ಗಂಟಲು ಮುಟ್ಟಿದ ಮೇಲೆ ಎಲ್ಲವೂ ತಾನಾಗಿ ನಡೆಯುತ್ತದೆ. ಅಂಗುಳದ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಎಪಿಗ್ಲಾಟಿಸ್ ಎಂಬ ಮುಚ್ಚಳ ಅದರ ಮೇಲೆ ಬಾಗುತ್ತದೆ, ಧ್ವನಿತಂತುಗಳು ಕೂಡಿಕೊಳ್ಳುತ್ತವೆ, ಉಸಿರು ಆ ಕ್ಷಣ ನಿಲ್ಲುತ್ತದೆ. ಅನ್ನನಾಳದ ಬಾಯಿ ತೆರೆದು ತುತ್ತು ಒಳಗಿಳಿಯುತ್ತದೆ. ಗಂಟಲಿನ ಈ ಹಂತಕ್ಕೆ ಹಿಡಿಯುವ ಕಾಲ ಸುಮಾರು ಒಂದು ಸೆಕೆಂಡು. ಈ ಒಂದು ಸೆಕೆಂಡಿನಲ್ಲಿ ಮುಚ್ಚಳ ಬಾಗುವುದು ತುಸು ತಡವಾದರೂ ಸಾಕು, ತುತ್ತು ದಾರಿ ತಪ್ಪುತ್ತದೆ.

ಗರ್ಭದಲ್ಲಿರುವ ಶಿಶು ಸುಮಾರು ಮೂರನೆಯ ತಿಂಗಳ ಕೊನೆಗೆ ತನ್ನ ಸುತ್ತಲಿನ ನೀರನ್ನು ನುಂಗಲು ತೊಡಗುತ್ತದೆ. ಆದರೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರೂ ಒಂದು ತಾಳಕ್ಕೆ ಬರುವುದು ಸುಮಾರು 34ನೆಯ ವಾರದ ಹೊತ್ತಿಗೆ. ಅದಕ್ಕೆ ಮೊದಲೇ ಹುಟ್ಟಿದ ಮಗು ಮೊಲೆ ಚೀಪಲಾರದೆ ಸೋತರೆ ಅದಕ್ಕೆ ತಾಯಿ ಕಾರಣಳಲ್ಲ; ಅದರ ಮೆದುಳು ಇನ್ನೂ ಆ ತಾಳ ಕಲಿತಿಲ್ಲ.

ತೊಂದರೆ ಹುಟ್ಟುವುದು ಎಲ್ಲಿ?

ಅವಧಿಗೆ ಮುನ್ನ ಹುಟ್ಟುವುದು ಹೀಗೆ ಮೊದಲ ಕಾರಣ. 2020ರಲ್ಲಿ ಭಾರತದಲ್ಲಿ ಹೀಗೆ ಹುಟ್ಟಿದ ಮಕ್ಕಳ ಸಂಖ್ಯೆ ಸುಮಾರು 30 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳ ಅಂದಾಜು ಹೇಳುತ್ತದೆ. ಇವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಚೀಪಲು ಕಲಿಯುತ್ತಾರೆ. ಕೆಲವರಿಗೆ ಸಹಾಯ ಬೇಕಾಗುತ್ತದೆ.

ಎರಡನೆಯದು ಮೆದುಳಿಗೆ ಆದ ಪೆಟ್ಟು. ಹೆರಿಗೆಯ ವೇಳೆ ಉಸಿರುಕಟ್ಟಿದ ಮಕ್ಕಳಲ್ಲಿ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸ್ನಾಯುಗಳು ಒಂದೋ ಬಿಗಿಯಾಗಿರುತ್ತವೆ, ಇಲ್ಲವೇ ಸಡಿಲವಾಗಿರುತ್ತವೆ. ಕೈಕಾಲಿನ ತೊಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನಾಲಗೆಯ ತೊಂದರೆ ಊಟದ ಹೊತ್ತಿನಲ್ಲಿ ಮಾತ್ರ ಕಾಣುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲೂ ಬಾಯಿಯ ಸ್ನಾಯುಗಳು ಸಡಿಲವಾಗಿರುತ್ತವೆ.

ಮೂರನೆಯದು ರಚನೆಯ ದೋಷ. ಸೀಳುತುಟಿ, ಸೀಳು ಅಂಗುಳ ಜಗತ್ತಿನಲ್ಲಿ ಸುಮಾರು 700 ಮಕ್ಕಳಿಗೆ ಒಂದರಂತೆ ಕಾಣಿಸುತ್ತದೆ. ಅಂಗುಳ ಸೀಳಿದ್ದರೆ ಬಾಯಲ್ಲಿ ನಿರ್ವಾತ ಉಂಟಾಗುವುದಿಲ್ಲ. ತಂಪು ಪಾನೀಯದ ಸ್ಟ್ರಾ ಒಡೆದಿದ್ದರೆ ಎಷ್ಟು ಎಳೆದರೂ ಪಾನೀಯ ಮೇಲೆ ಬರುವುದಿಲ್ಲ. ಈ ಮಗುವಿನ ಪಾಡೂ ಅದೇ. ಚೀಪಿದ ಹಾಲು ಮೂಗಿನಲ್ಲಿ ಬರುತ್ತದೆ. ಅಪರೂಪಕ್ಕೆ ಅನ್ನನಾಳ ಮತ್ತು ಶ್ವಾಸನಾಳಗಳ ನಡುವೆ ಹುಟ್ಟಿನಿಂದಲೇ ರಂಧ್ರವಿರುವ ಮಕ್ಕಳೂ ಇದ್ದಾರೆ. ಅವರಿಗೆ ತಡಮಾಡದೆ ಶಸ್ತ್ರಚಿಕಿತ್ಸೆಯಾಗಬೇಕು.

ಇನ್ನು ಕೆಲವು ಮಕ್ಕಳಿಗೆ ನುಂಗಲು ಬರುತ್ತದೆ, ಆದರೆ ನುಂಗಲು ಭಯ. ಹೊಟ್ಟೆಯ ಆಮ್ಲ ಮೇಲೆ ಬಂದು ಎದೆ ಉರಿಯುವ ಶಿಶು ಊಟವೆಂದರೆ ಉರಿ ಎಂದು ಕಲಿತುಬಿಡುತ್ತದೆ. ತಿಂಗಳುಗಟ್ಟಲೆ ಮೂಗಿನ ಕೊಳವೆಯಲ್ಲಿ ಬದುಕಿದ ಮಗುವಿಗೆ ಬಾಯಿಗೆ ಬರುವ ಎಲ್ಲವೂ ಶತ್ರು. ಆಟಿಸಂ ಇರುವ ಮಕ್ಕಳಲ್ಲಿ ಕೆಲವರು ಬಣ್ಣ, ವಾಸನೆ, ಮುಟ್ಟಿದಾಗಿನ ಹಿತ ನೋಡಿ ನಾಲ್ಕೈದು ಪದಾರ್ಥಗಳನ್ನು ಮಾತ್ರ ಒಪ್ಪುತ್ತಾರೆ. ಹೃದಯದ ದೋಷವಿರುವ ಶಿಶು ಹಾಲು ಕುಡಿಯುತ್ತಲೇ ದಣಿದು ಬೆವರುತ್ತದೆ. ಆದ್ದರಿಂದ ‘ಉಣ್ಣುವುದಿಲ್ಲ’ ಎಂಬ ಒಂದೇ ದೂರಿನ ಹಿಂದೆ ಹತ್ತು ಕಾರಣಗಳಿರಬಹುದು, ಹತ್ತಕ್ಕೂ ಒಂದೇ ಟಾನಿಕ್ ಸಾಲದು.

ಮನೆಯಲ್ಲೇ ಕಾಣುವ ಗುರುತುಗಳು

ಗಡಿಯಾರ ನೋಡುವುದು ಮೊದಲ ಪರೀಕ್ಷೆ. ಸಾಮಾನ್ಯವಾಗಿ ಮಗುವಿನ ಊಟ ಅರ್ಧ ಗಂಟೆಯೊಳಗೆ ಮುಗಿಯಬೇಕು. ದಿನವೂ ಪ್ರತಿ ಊಟ ಮುಕ್ಕಾಲು ಗಂಟೆ, ಒಂದು ಗಂಟೆ ಎಳೆಯುತ್ತಿದ್ದರೆ ಅದು ತಾಯಿಯ ತಾಳ್ಮೆಯ ಹೆಗ್ಗಳಿಕೆಯಲ್ಲ, ರೋಗಲಕ್ಷಣ.

ಉಣ್ಣುವಾಗ, ಕುಡಿಯುವಾಗ ಪದೇ ಪದೇ ಕೆಮ್ಮು. ಊಟವಾದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ನೀರು ತುಂಬಿದಂಥ ದನಿ. ಹಾಲು ಮೂಗಿನಲ್ಲಿ ಬರುವುದು. ತುತ್ತನ್ನು ಗಂಟೆಗಟ್ಟಲೆ ಕೆನ್ನೆಯಲ್ಲಿ ಇಟ್ಟುಕೊಳ್ಳುವುದು. ಚಮಚ ಕಂಡೊಡನೆ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಅಳುವುದು. ಕುಡಿಯುವಾಗ ತುಟಿ ನೀಲಿಗಟ್ಟುವುದು. ಮೇಲಿಂದ ಮೇಲೆ ಬರುವ ಎದೆಯ ಸೋಂಕು. ಇವುಗಳಲ್ಲಿ ಯಾವುದಿದ್ದರೂ ಮಕ್ಕಳ ವೈದ್ಯರಿಗೆ ಹೇಳಬೇಕು.

ತೂಕದ ಲೆಕ್ಕ ಎಲ್ಲಕ್ಕಿಂತ ನಂಬಿಕೆಯ ಸಾಕ್ಷಿ. ಆರೋಗ್ಯವಂತ ಶಿಶುವಿನ ಹುಟ್ಟಿದ ತೂಕ ಐದಾರು ತಿಂಗಳಿಗೆ ಸುಮಾರು ಎರಡರಷ್ಟು, ವರ್ಷಕ್ಕೆ ಸುಮಾರು ಮೂರರಷ್ಟು ಆಗುತ್ತದೆ. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಗೆರೆ ಮೇಲೇರದೆ ಅಡ್ಡಕ್ಕೆ ಹೋಗುತ್ತಿದ್ದರೆ ಕಾರಣ ಹುಡುಕಲೇಬೇಕು.

ಕೆಮ್ಮದ ಮಗು

ಕೆಮ್ಮುವ ಮಗುವಿಗಿಂತ ಹೆಚ್ಚು ಅಪಾಯದಲ್ಲಿರುವುದು ಕೆಮ್ಮದ ಮಗು. ಕೆಲವು ಮಕ್ಕಳಲ್ಲಿ, ಅದರಲ್ಲೂ ನರಸಂಬಂಧಿ ತೊಂದರೆ ಇರುವವರಲ್ಲಿ, ಶ್ವಾಸನಾಳಕ್ಕೆ ಹಾಲು ಇಳಿದರೂ ಗಂಟಲಿಗೆ ಅದರ ಅರಿವಾಗುವುದಿಲ್ಲ. ಸದ್ದಿಲ್ಲ, ಕೆಮ್ಮಿಲ್ಲ. ಮನೆಯವರು ಚೆನ್ನಾಗಿ ಕುಡಿಯಿತು ಎಂದುಕೊಳ್ಳುತ್ತಾರೆ. ಮೂರನೆಯ ಸಲ ನ್ಯುಮೋನಿಯಾ ಆದಾಗ ಅನುಮಾನ ಬರುತ್ತದೆ.

ಇಂಥದ್ದನ್ನು ಹೊರಗಿನಿಂದ ನೋಡಿ ಖಚಿತವಾಗಿ ಹೇಳಲಾಗದು. ಪರೀಕ್ಷೆ ಆರಂಭವಾಗುವುದು ಮಾತ್ರ ಸರಳವಾಗಿಯೇ. ಮಕ್ಕಳ ವೈದ್ಯರು ಹೆರಿಗೆಯ ವಿವರದಿಂದ ಹಿಡಿದು ಎಲ್ಲವನ್ನೂ ಕೇಳುತ್ತಾರೆ. ವಾಕ್ ಚಿಕಿತ್ಸಕರು ಬಾಯಿ, ಅಂಗುಳ, ನಾಲಗೆಯ ಚಲನೆ ನೋಡಿ, ಮಗು ಮನೆಯಲ್ಲಿ ತಿನ್ನುವ ಆಹಾರವನ್ನೇ ತಾಯಿಯಿಂದ ತಿನ್ನಿಸಿ ಗಮನಿಸುತ್ತಾರೆ. ಮಾತು ಕಲಿಸುವವರಿಗೆ ಊಟದ ಉಸಾಬರಿ ಏಕೆ ಎಂದು ಅನೇಕರು ಕೇಳುವುದುಂಟು. ಮಾತಿಗೂ ಊಟಕ್ಕೂ ದುಡಿಯುವುದು ಅದೇ ತುಟಿ, ಅದೇ ನಾಲಗೆ, ಅದೇ ಗಂಟಲು.

ಅನುಮಾನ ಉಳಿದರೆ ಎರಡು ಪರೀಕ್ಷೆಗಳಿವೆ. ಒಂದರಲ್ಲಿ ಆಹಾರಕ್ಕೆ ಬೇರಿಯಂ ಬೆರೆಸಿ, ಮಗು ನುಂಗುತ್ತಿರುವಾಗಲೇ ಎಕ್ಸ್‌ರೇ ಚಲನಚಿತ್ರ ತೆಗೆಯುತ್ತಾರೆ. ಬೇರಿಯಂ ಎಕ್ಸ್‌ರೇಯಲ್ಲಿ ಎದ್ದು ಕಾಣುವುದರಿಂದ ತುತ್ತು ಯಾವ ನಾಳಕ್ಕೆ ಹೋಯಿತೆಂಬುದು ಕಣ್ಣಿಗೇ ಕಾಣುತ್ತದೆ. ಅಮೆರಿಕದ ಜೆರಿ ಲೋಗ್‌ಮನ್ ಅವರು 1980ರ ದಶಕದಲ್ಲಿ ಈ ವಿಧಾನಕ್ಕೆ ಶಿಸ್ತು ತಂದುಕೊಟ್ಟರು. ಎರಡನೆಯದರಲ್ಲಿ ದೀಪವಿರುವ ತೆಳುವಾದ ನಳಿಗೆಯನ್ನು ಮೂಗಿನ ಮೂಲಕ ಇಳಿಸಿ ಗಂಟಲನ್ನು ಮೇಲಿನಿಂದ ನೋಡುತ್ತಾರೆ. ಸೂಸನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು ಇದನ್ನು 1988ರಲ್ಲಿ ವಿವರಿಸಿದರು. ಇದರಲ್ಲಿ ಎಕ್ಸ್‌ರೇ ವಿಕಿರಣವಿಲ್ಲ. ಯಾವ ಮಗುವಿಗೆ ಯಾವುದು ಬೇಕು, ಅಥವಾ ಎರಡೂ ಬೇಡವೇ ಎಂಬುದನ್ನು ತಜ್ಞರು ನಿರ್ಧರಿಸುತ್ತಾರೆ.

ಒಳಲೆಯ ವಿಚಾರ

ಕನ್ನಡ ನಾಡಿನ ಮನೆಗಳಲ್ಲಿ ಒಳಲೆ ಇಲ್ಲದ ಬಾಣಂತನ ಅಪರೂಪವಾಗಿತ್ತು. ಇಂದಿಗೂ ಎಷ್ಟೋ ಮನೆಗಳಲ್ಲಿ ಬೆಳ್ಳಿಯದೋ ಸ್ಟೀಲಿನದೋ ಒಳಲೆ ಇದೆ. ಒಳಲೆ ಕೆಟ್ಟ ಸಾಧನವಲ್ಲ. ಚೀಪಲು ಬಾರದ ಪುಟ್ಟ ಶಿಶುಗಳಿಗೆ ತಾಯಿಯ ಹಾಲನ್ನು ಕೊಡಲು ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲೂ ಅದನ್ನೇ ಬಳಸುತ್ತಾರೆ. ಹಾಲಿನ ಬಾಟಲಿಗಿಂತ ತೊಳೆಯುವುದು ಸುಲಭ, ಸೋಂಕಿನ ಭಯ ಕಡಿಮೆ.

ತೊಂದರೆ ಇರುವುದು ಅದನ್ನು ಬಳಸುವ ಕ್ರಮದಲ್ಲಿ. ಕಾಲು ನೀಡಿ ಕುಳಿತು, ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಅತ್ತಾಗ ಬಾಯಿ ತೆರೆದದ್ದೇ ಸಮಯವೆಂದು ರಾಗಿ ಸರಿಯನ್ನು ಸುರಿಯುವ ಪದ್ಧತಿಯಿದೆ. ಬಾಯಿ ಬಿಡದಿದ್ದರೆ ಮೂಗು ಹಿಡಿಯುವವರೂ ಇದ್ದಾರೆ. ಅಳುವ ಮಗು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತದೆ. ಶ್ವಾಸನಾಳ ಆಗ ಪೂರ್ತಿ ತೆರೆದಿರುತ್ತದೆ. ಬಲಗಡೆಯ ಶ್ವಾಸನಾಳ ಎಡಗಡೆಯದಕ್ಕಿಂತ ಅಗಲ ಮತ್ತು ನೇರ. ಒಳಸೇರಿದ ಸರಿ ಹೆಚ್ಚಾಗಿ ಆ ಕಡೆಗೇ ಸಾಗುತ್ತದೆ. ಮಗುವಿನ ಮೂಗಿಗೆ, ಬಾಯಿಗೆ ಎಣ್ಣೆ ತುಪ್ಪ ಬಿಡುವುದಂತೂ ಇನ್ನೂ ಅಪಾಯ. ಎಣ್ಣೆ ಕೆಮ್ಮನ್ನು ಎಬ್ಬಿಸದೆಯೇ ಶ್ವಾಸಕೋಶಕ್ಕೆ ಜಾರಿ, ಬೇಗ ವಾಸಿಯಾಗದ ಒಂದು ಬಗೆಯ ನ್ಯುಮೋನಿಯಾ ತರುತ್ತದೆ.

ಒಳಲೆಯನ್ನು ಬಳಸುವ ಸರಿಯಾದ ಕ್ರಮ ಕಷ್ಟದ್ದಲ್ಲ. ಮಗು ಎಚ್ಚರವಾಗಿರಬೇಕು, ಅಳುತ್ತಿರಬಾರದು. ತಲೆ, ಬೆನ್ನುಗಳಿಗೆ ಆಸರೆ ಕೊಟ್ಟು ಕೂಡಿಸಿದಂತೆ ಹಿಡಿಯಬೇಕು. ಒಳಲೆಯ ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ ಸ್ವಲ್ಪ ಸ್ವಲ್ಪವೇ ಬಾಗಿಸಬೇಕು. ಮಗು ನುಂಗಿ ಉಸಿರು ಬಿಟ್ಟ ಮೇಲೆ ಮುಂದಿನ ಗುಟುಕು. ಆತುರ ಪಡಬೇಕಾದದ್ದು ಮಗು, ಅಜ್ಜಿಯಲ್ಲ.

ಗಂಜಿಯ ಹದ

ನುಂಗಲು ಕಷ್ಟಪಡುವ ಮಗುವಿಗೆ ನೀರು ಸಲೀಸು, ಗಟ್ಟಿ ಪದಾರ್ಥ ಕಷ್ಟ ಎಂಬುದು ಸಾಮಾನ್ಯ ನಂಬಿಕೆ. ಅನೇಕ ಮಕ್ಕಳಲ್ಲಿ ಇದು ತಿರುವುಮುರುವು. ನೀರು, ಹಾಲು ಬೇಗ ಹರಿಯುತ್ತವೆ. ಮುಚ್ಚಳ ಬಾಗುವ ಮೊದಲೇ ಗಂಟಲು ತಲಪುತ್ತವೆ. ತುಸು ದಪ್ಪವಾದ ಅಂಬಲಿ ನಿಧಾನವಾಗಿ ಇಳಿದು ನರಗಳಿಗೆ ಸಮಯ ಕೊಡುತ್ತದೆ. ಕೆಮ್ಮಿದ ಮಗುವಿಗೆ ಆತುರದಿಂದ ನೀರು ಕುಡಿಸುವುದು ಈ ಕಾರಣಕ್ಕೇ ತಪ್ಪು. ಕೆಮ್ಮಿ ಮುಗಿಸಲು ಬಿಡಬೇಕು.

ಎಷ್ಟು ದಪ್ಪ ಎಂಬುದನ್ನು ಹೇಳುವುದು ಹೇಗೆ? ಒಬ್ಬರ ಗಂಜಿ ಇನ್ನೊಬ್ಬರ ತಿಳಿ. ಈ ಗೊಂದಲ ತಪ್ಪಿಸಲು 2013ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪಾನೀಯ, ಆಹಾರಗಳನ್ನು 0ಯಿಂದ 7ರವರೆಗೆ ಎಂಟು ಮಟ್ಟಗಳಾಗಿ ವಿಂಗಡಿಸುವ ಕೆಲಸ ಆರಂಭಿಸಿದರು. ಅವರು ಸೂಚಿಸಿದ ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ. ಸೂಜಿ ಇಲ್ಲದ 10 ಮಿಲಿಲೀಟರ್ ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ, 10ರ ಗೆರೆಯವರೆಗೆ ಪಾನೀಯ ತುಂಬಿ, ಬೆರಳು ತೆಗೆದು 10 ಸೆಕೆಂಡು ಹರಿಯಬಿಡಬೇಕು. ಒಂದು ಮಿಲಿಲೀಟರ್‌ಗಿಂತ ಕಡಿಮೆ ಉಳಿದರೆ ಅದು ನೀರಿನಷ್ಟು ತೆಳು, ಅಂದರೆ 0 ಮಟ್ಟ. ಒಂದರಿಂದ ನಾಲ್ಕು ಉಳಿದರೆ 1, ನಾಲ್ಕರಿಂದ ಎಂಟು ಉಳಿದರೆ 2, ಎಂಟಕ್ಕಿಂತ ಹೆಚ್ಚು ಉಳಿದರೂ ಇನ್ನೂ ಹನಿಯುತ್ತಿದ್ದರೆ 3. ಏನೂ ಹರಿಯದಿದ್ದರೆ 4 ಅಥವಾ ಅದಕ್ಕೂ ಮೇಲೆ. ಎಲ್ಲ ಕಂಪನಿಗಳ ಸಿರಿಂಜಿನ ಅಳತೆ ಒಂದೇ ಅಲ್ಲ. 0ಯಿಂದ 10ರ ಗೆರೆಯವರೆಗಿನ ಉದ್ದ 61.5 ಮಿಲಿಮೀಟರ್ ಇರುವುದನ್ನೇ ಬಳಸಬೇಕು. ಚಿಕಿತ್ಸಕರು ‘2ನೆಯ ಮಟ್ಟ’ ಎಂದರೆ ರಾಗಿ ಅಂಬಲಿಯನ್ನು ಅದೇ ಹದಕ್ಕೆ ತರಲು ಅಡುಗೆಮನೆಯಲ್ಲೇ ಸಾಧ್ಯ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಎಳೆಯ ಶಿಶುವಿನ ಹಾಲನ್ನು ಮನೆಯವರೇ ದಪ್ಪ ಮಾಡಬಾರದು. ಒಂದು ಗಟ್ಟಿಕಾರಕವನ್ನು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕೊಡಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2011ರಲ್ಲಿ ಎಚ್ಚರಿಸಿತು. ಅದನ್ನು ಕುಡಿದ ಕೆಲವು ಶಿಶುಗಳಿಗೆ ಕರುಳಿನ ಗಂಭೀರ ಕಾಯಿಲೆ ಬಂದಿತ್ತು.

ಮಿಕ್ಸಿಯ ಮಿತಿ

ಯಾವ ಕಾಯಿಲೆಯೂ ಇಲ್ಲದ ಮಗುವೂ ಅಗಿಯಲು ಕಲಿಯದೆ ಉಳಿಯಬಹುದು. ಗಂಟಲಿಗೆ ಸಿಕ್ಕೀತೆಂಬ ಭಯದಿಂದ ಅನ್ನ, ಬೇಳೆ, ತರಕಾರಿ ಎಲ್ಲವನ್ನೂ ಮಿಕ್ಸಿಗೆ ಹಾಕಿ ಮೂರು ವರ್ಷದವರೆಗೂ ನುಣ್ಣಗೆ ಕೊಡುವ ಮನೆಗಳಿವೆ. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲಿನ ಜೊತೆಗೆ ಮೆತ್ತಗಿನ ಆಹಾರ ಶುರುಮಾಡಿ, ಕೆಲವೇ ವಾರಗಳಲ್ಲಿ ಕೈಯಲ್ಲಿ ಕಿವುಚಿದ, ಸಣ್ಣ ಗಂಟುಗಳಿರುವ ಆಹಾರಕ್ಕೆ ಹೋಗಬೇಕು. ನಾಲಗೆ ತುತ್ತನ್ನು ದವಡೆಯ ಕಡೆಗೆ ಸರಿಸುವುದನ್ನು ಕಲಿಯುವ ಕಾಲವದು.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991 ಮತ್ತು 1992ರಲ್ಲಿ ಹೆರಿಗೆಯಾಗಬೇಕಿದ್ದ 14 ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮಕ್ಕಳ ಬೆಳವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದಿದೆ. ಒಂಬತ್ತು ತಿಂಗಳ ನಂತರ ಗಂಟಿರುವ ಆಹಾರ ಕಂಡ ಮಕ್ಕಳಲ್ಲಿ ಏಳನೆಯ ವಯಸ್ಸಿನಲ್ಲೂ ಊಟದ ತಕರಾರು ಹೆಚ್ಚಾಗಿತ್ತು, ಹಣ್ಣು ತರಕಾರಿ ತಿನ್ನುವುದು ಕಡಿಮೆಯಾಗಿತ್ತು ಎಂದು 2009ರಲ್ಲಿ ಪ್ರಕಟವಾದ ಅದರ ವರದಿ ತಿಳಿಸಿತು.

ಹಾಗೆಂದು ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಗಟ್ಟಿ ಮಿಠಾಯಿಗಳನ್ನು ಪುಟ್ಟ ಮಕ್ಕಳ ಕೈಗೆ ಕೊಡಬಾರದು. ಗಂಟಲು ಕಟ್ಟಿ ಮಗುವಿಗೆ ಕೆಮ್ಮಲೂ ಅಳಲೂ ಆಗದಿದ್ದರೆ ನೆತ್ತಿ ತಟ್ಟಿ ಫಲವಿಲ್ಲ. ಒಂದು ವರ್ಷದೊಳಗಿನ ಮಗುವನ್ನು ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲಾಗಿ ಹಿಡಿದು, ಬೆನ್ನಿನ ಮಧ್ಯಕ್ಕೆ ಅಂಗೈ ಬುಡದಿಂದ ಐದು ಬಾರಿ ಬಲವಾಗಿ ತಟ್ಟಬೇಕು. ಹೊರಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಬಾರಿ ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಚಿಕಿತ್ಸೆ ಎಂದರೆ ಅಭ್ಯಾಸ

ಈ ತೊಂದರೆಗೆ ಚಿಕಿತ್ಸೆ ಎಂದರೆ ಬಹುಪಾಲು ಮನೆಯಲ್ಲಿ ದಿನವೂ ನಡೆಯುವ ಅಭ್ಯಾಸ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಕುತ್ತಿಗೆ ಹಿಂದಕ್ಕೆ ವಾಲಿದ್ದರೆ ಶ್ವಾಸನಾಳ ತೆರೆದುಕೊಳ್ಳುತ್ತದೆ. ಸೊಂಟ, ಮೊಣಕಾಲು ಸರಿಯಾಗಿ ಮಡಿಸಿ ಕೂರಿಸಿ, ಪಾದಕ್ಕೆ ಆಸರೆ ಕೊಟ್ಟು, ಗಲ್ಲ ತುಸು ಕೆಳಗಿರುವಂತೆ ಮಾಡಿದರೆ ಅದೇ ಮಗು ಅದೇ ಗಂಜಿಯನ್ನು ಕೆಮ್ಮದೆ ನುಂಗಬಹುದು. ಚಪ್ಪಟೆ ಚಮಚವನ್ನು ನಾಲಗೆಯ ಮೇಲೆ ಮೆಲ್ಲನೆ ಒತ್ತಿ ನೇರವಾಗಿ ಹೊರತೆಗೆಯಬೇಕು. ಮೇಲಿನ ವಸಡಿಗೆ ಉಜ್ಜಿ ಸುರಿದರೆ ತುಟಿ ಕೆಲಸ ಕಲಿಯುವುದಿಲ್ಲ.

ಸೀಳು ಅಂಗುಳದ ಶಿಶುವಿಗೆ ನೇರ ಕೂರಿಸಿ ಒಳಲೆಯಲ್ಲಿ ಅಥವಾ ಒತ್ತಬಹುದಾದ ಮೆತ್ತನೆಯ ಬಾಟಲಿಯಲ್ಲಿ ಹಾಲು ಕೊಟ್ಟು ತೂಕ ಕಾಯ್ದುಕೊಳ್ಳುತ್ತಾರೆ. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ, ಅಂಗುಳದ್ದು ಒಂದು ವರ್ಷದ ಆಸುಪಾಸಿನಲ್ಲಿ. ಅವಧಿಗೆ ಮುನ್ನ ಹುಟ್ಟಿದ ಶಿಶುವನ್ನು ತಾಯಿಯ ಎದೆಗೆ ಒತ್ತಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ ಹಾಲೂಡಿಸುವುದಕ್ಕೂ ನೆರವಾಗುತ್ತದೆ. ಊಟಕ್ಕೆ ಹೆದರುವ ಮಗುವಿಗೆ ಮೊದಲು ಆಹಾರವನ್ನು ಮುಟ್ಟಿ, ಮೂಸಿ, ಆಡಲು ಬಿಡುತ್ತಾರೆ, ಒತ್ತಾಯ ಮಾಡುವುದಿಲ್ಲ. ಮೊಬೈಲ್ ತೋರಿಸಿ ಉಣಿಸಿದರೆ ತುತ್ತು ಇಳಿಯಬಹುದು, ಆದರೆ ಬಾಯಲ್ಲಿ ಏನಿದೆ ಎಂಬುದು ಮಗುವಿಗೆ ತಿಳಿಯುವುದಿಲ್ಲ.

ಬಾಯಿಂದ ಉಣ್ಣುವುದು ಸುರಕ್ಷಿತವಲ್ಲ ಎಂದಾದಾಗ ಕೆಲಕಾಲ ಮೂಗಿನ ಕೊಳವೆ, ಬಹುಕಾಲ ಬೇಕಾದರೆ ಹೊಟ್ಟೆಗೆ ನೇರವಾಗಿ ಹಾಕುವ ಕೊಳವೆ ಬೇಕಾಗುತ್ತದೆ. ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿನ ನೆರವಿನಿಂದ ಈ ಕೊಳವೆ ಹಾಕುವ ವಿಧಾನ ಮೊದಲು ನಡೆದದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಒಂದು ಶಿಶುವಿಗೇ. ಕೊಳವೆ ಎಂದೊಡನೆ ಮನೆಯವರು ಎದೆಗುಂದುತ್ತಾರೆ. ಅದು ಸೋಲಲ್ಲ. ಕೊಳವೆಯಿಂದ ಹೊಟ್ಟೆ ತುಂಬಿದ ಮಗು ತೂಕ ಕಟ್ಟಿಕೊಂಡು, ಬಾಯಿಂದ ಅಷ್ಟಿಷ್ಟು ರುಚಿ ನೋಡುತ್ತ ನುಂಗಲು ಕಲಿಯಬಹುದು. ಎಷ್ಟೋ ಮಕ್ಕಳು ಮುಂದೆ ಕೊಳವೆ ಬಿಡುತ್ತಾರೆ.

ಎಲ್ಲಿಗೆ ಹೋಗಬೇಕು?

ಮಾತು, ಶ್ರವಣಗಳ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ಹೆಸರಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಮಕ್ಕಳ ನುಂಗುವ ತೊಂದರೆಗೂ ಅಲ್ಲಿ ತಪಾಸಣೆ, ತರಬೇತಿ ಇದೆ. ಮಗುವಿನ ಊಟದ ತೊಂದರೆ ಅದರ ಮತ್ತು ಮನೆಯವರ ಬದುಕನ್ನು ಎಷ್ಟು ಬಾಧಿಸುತ್ತಿದೆ ಎಂದು ಅಳೆಯುವ ಪ್ರಶ್ನಾವಳಿಯನ್ನೂ ಅಲ್ಲಿನ ತಜ್ಞರು ರೂಪಿಸಿದ್ದಾರೆ. ಕೆಂಪಾಪುರದ ಕಡೆಯವರಿಗೆ ಹತ್ತಿರವೇ ಹೆಬ್ಬಾಳದಲ್ಲಿ 1973ರಿಂದ ಬ್ಯಾಪ್ಟಿಸ್ಟ್ ಆಸ್ಪತ್ರೆ ಇದೆ. ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ, ನಗರದ ದಕ್ಷಿಣಕ್ಕೆ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಇಂದಿರಾನಗರದಲ್ಲಿ ಸೆರೆಬ್ರಲ್ ಪಾಲ್ಸಿ ಮಕ್ಕಳಿಗಾಗಿ ದುಡಿಯುವ ಸ್ಪಾಸ್ಟಿಕ್ಸ್ ಸೊಸೈಟಿ ಇವೆ.

ಕೈಯಲ್ಲಿ ಹಣವಿಲ್ಲದವರು ಅಂಗನವಾಡಿಯಿಂದಲೇ ಆರಂಭಿಸಬಹುದು. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಸೀಳುತುಟಿ, ಡೌನ್ ಸಿಂಡ್ರೋಮ್, ಬೆಳವಣಿಗೆಯ ಹಿನ್ನಡೆ ಮುಂತಾದ ಮೂವತ್ತು ಬಗೆಯ ತೊಂದರೆಗಳು ಅದರ ಪಟ್ಟಿಯಲ್ಲಿವೆ. ಪತ್ತೆಯಾದ ಮಕ್ಕಳನ್ನು ಜಿಲ್ಲಾ ಮಟ್ಟದ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ವಾಕ್ ಚಿಕಿತ್ಸಕರೂ ಅಲ್ಲಿನ ಸಿಬ್ಬಂದಿಯಲ್ಲಿ ಸೇರಿರಬೇಕೆಂದು ನಿಯಮವಿದೆ. ತಂಡ ಬಂದ ದಿನ ‘ಮಗು ಊಟದಲ್ಲಿ ಕೆಮ್ಮುತ್ತದೆ’ ಎಂದು ತಾಯಿ ತಾನಾಗಿ ಹೇಳಬೇಕು. ಕೇಳದೆ ಇರುವ ಪ್ರಶ್ನೆ ಅದು.

ಆಸ್ಪತ್ರೆಗೆ ಹೋಗುವಾಗ ಮೂರು ವಸ್ತುಗಳನ್ನು ಮರೆಯಬಾರದು: ತಾಯಿ ಕಾರ್ಡು, ಮಗು ದಿನವೂ ತಿನ್ನುವ ಆಹಾರ ಮತ್ತು ಚಮಚ, ಊಟದ ಹೊತ್ತಿನಲ್ಲಿ ಮೊಬೈಲಿನಲ್ಲಿ ತೆಗೆದ ಎರಡು ನಿಮಿಷದ ವಿಡಿಯೊ. ಹೊಸ ಜಾಗದಲ್ಲಿ ಅಳುವ ಮಗು ವೈದ್ಯರ ಮುಂದೆ ಬಾಯಿ ಬಿಡದಿದ್ದರೂ ಆ ವಿಡಿಯೊ ಹೇಳಬೇಕಾದದ್ದನ್ನು ಹೇಳುತ್ತದೆ. ತಾಯಿಯೊಡನೆ ತಂದೆಯೂ, ಉಣಿಸುವ ಅಜ್ಜಿಯೂ ಹೋಗುವುದು ಒಳ್ಳೆಯದು. ಕಲಿತದ್ದನ್ನು ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಮಾಡಬೇಕಾದವರು ಅವರೇ.